ಅಜ್ಜಿ, ಇಬ್ಬರು ಮಕ್ಕಳು, ಎರಡೇ ದಿನ: ಬೆಂಗಳೂರಿನಲ್ಲಿ ಏನು ತೋರಿಸಲಿ?

ಹೊಸಪೇಟೆಯ ತಂದೆ:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬರುತ್ತಿದ್ದೇವೆ. ಅಮ್ಮನಿಗೆ 68 ವರ್ಷ, ಮೊಣಕಾಲು ನೋವು. ಮಗಳು ನಾಲ್ಕನೇ ತರಗತಿ, ಮಗನಿಗೆ ಐದು ವರ್ಷ. ಕೈಯಲ್ಲಿರುವುದು ಶನಿವಾರ ಮತ್ತು ಭಾನುವಾರ ಮಾತ್ರ. ಮೆಜೆಸ್ಟಿಕ್ ಹತ್ತಿರ ಕೋಣೆ ಗೊತ್ತು ಮಾಡಿದ್ದೇನೆ. ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧ, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ದೊಡ್ಡ ಬಸವಣ್ಣ, ಅರಮನೆ, ತಾರಾಲಯ ಎಂದು ಪಟ್ಟಿ ಬರೆದಿಟ್ಟುಕೊಂಡಿದ್ದೇನೆ. ಅಮ್ಮ ಇದುವರೆಗೆ ಬೆಂಗಳೂರು ನೋಡಿಲ್ಲ. ಮತ್ತೆ ಯಾವಾಗ ಕರೆತರುತ್ತೇನೋ ತಿಳಿಯದು, ಹಾಗಾಗಿ ಏನನ್ನೂ ಬಿಡಲು ಮನಸ್ಸಿಲ್ಲ. ಯಾವ ಕ್ರಮದಲ್ಲಿ ಹೋದರೆ ಎಲ್ಲವೂ ಆಗುತ್ತದೆ?

ನಿವೃತ್ತ ಶಿಕ್ಷಕಿ, ಬಸವನಗುಡಿ:

ಎಲ್ಲವೂ ಆಗುವುದಿಲ್ಲ. ಆಗಿಸಲು ಹೋಗಲೂ ಬೇಡಿ. ಒಂದು ವರ್ಷ ನಾನು ಐದನೇ ತರಗತಿಯ 42 ಮಕ್ಕಳನ್ನು ಒಂದೇ ದಿನದಲ್ಲಿ ಬನ್ನೇರುಘಟ್ಟ, ಲಾಲ್‌ಬಾಗ್, ವಿಧಾನಸೌಧಗಳಿಗೆ ಸುತ್ತಿಸಿ ತಂದೆ. ಮರುದಿನ ಪ್ರವಾಸದ ಬಗ್ಗೆ ಬರೆಯಿರಿ ಎಂದರೆ ಅರ್ಧ ತರಗತಿ ಬಸ್ಸಿನ ಬಗ್ಗೆಯೇ ಬರೆದಿತ್ತು. ಓದುತ್ತಾ ಬಹಳ ಬೇಸರವಾಯಿತು. ಅಂದಿನಿಂದ ದಿನಕ್ಕೆ ಊರಿನ ಒಂದೇ ಭಾಗ ಎಂದು ನಿಯಮ ಮಾಡಿಕೊಂಡೆ.

ಶನಿವಾರ ನಮ್ಮ ಕಡೆಗೆ ಬನ್ನಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಲಾಲ್‌ಬಾಗ್ ಹೆಸರಿನ ನಿಲ್ದಾಣವೇ ಇದೆ. ಲಿಫ್ಟ್ ಇರುವುದರಿಂದ ತಾಯಿಯವರಿಗೆ ಮೆಟ್ಟಿಲಿನ ಚಿಂತೆಯಿಲ್ಲ. ತೋಟ 240 ಎಕರೆ, ಪೂರ್ತಿ ನಡೆಯುವುದು ಬೇಡ. 1889ರ ಗಾಜಿನ ಮನೆ ನೋಡಿಕೊಂಡು ನೇರವಾಗಿ ಬಂಡೆಯ ಕಡೆಗೆ ಹೋಗಿ. ಹಂಪಿಯ ಪಕ್ಕದವರಿಗೆ ಬಂಡೆ ತೋರಿಸುವುದೇ ಎಂದುಕೊಳ್ಳಬೇಡಿ. ಇದು ಸುಮಾರು 300 ಕೋಟಿ ವರ್ಷದ್ದು, ನಿಮ್ಮೂರಿನ ಬಂಡೆಗಳಿಗಿಂತಲೂ ಹಿರಿಯದು. ಮೇಲೆ ಕೆಂಪೇಗೌಡರ ಗೋಪುರವಿದೆ. 1537ರಲ್ಲಿ ಈ ಊರಿಗೆ ಕೋಟೆ ಕಟ್ಟಿದ ಕೆಂಪೇಗೌಡರು ವಿಜಯನಗರದ ಸಾಮಂತರು. ಹಂಪಿಯ ಅರಸರಿಗೆ ನಡೆದುಕೊಂಡವರು ಕಟ್ಟಿದ ಊರಿದು ಎಂದು ಮಗಳಿಗೆ ಆ ಬಂಡೆಯ ಮೇಲೆ ನಿಲ್ಲಿಸಿ ಹೇಳಿ. ಅಲ್ಲಿ ಹೇಳಿದ ಇತಿಹಾಸ ಪುಸ್ತಕದಲ್ಲಿ ಓದಿದಂತಲ್ಲ. ತಾಯಿಯವರು ಕೆಳಗೆ ಮರದ ನೆರಳಲ್ಲಿ ಕುಳಿತಿರಲಿ.

ಊಟ ಮಾಡಿಸಿ ಕೋಣೆಗೆ ಕರೆದೊಯ್ದು ಎರಡು ಗಂಟೆ ಮಲಗಿಸಿ. ಇದನ್ನು ತಪ್ಪಿಸಲೇಬೇಡಿ. ಸಂಜೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಆಟೊದಲ್ಲಿ ದೊಡ್ಡ ಗಣಪತಿ, ದೊಡ್ಡ ಬಸವಣ್ಣ. ಕಡಲೆಕಾಯಿ ಬೆಳೆಯನ್ನು ರಾತ್ರಿ ಬಂದು ಮೇಯುತ್ತಿದ್ದ ಬಸವನ ಕಥೆಯನ್ನು ಮಗನಿಗೆ ಮೊದಲೇ ಹೇಳಿಡಿ. ಅದರಿಂದಲೇ ಕಾರ್ತಿಕದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ನಿಮ್ಮಲ್ಲಿ ಕಡಲೆಕಾಳು ಗಣಪ, ನಮ್ಮಲ್ಲಿ ಕಡಲೆಕಾಯಿ ಬಸವ!

ಭಾನುವಾರ ಕಬ್ಬನ್ ಪಾರ್ಕ್. ಅಂದು ಒಳಗೆ ವಾಹನ ಬಿಡುವುದಿಲ್ಲ, ಮಗನ ಕೈಬಿಟ್ಟು ಓಡಲು ಬಿಡಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ 9:30ಕ್ಕೆ ತೆರೆಯುತ್ತದೆ, ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಗುಂಡಿ ಒತ್ತಿದರೆ ತಿರುಗುವ ಯಂತ್ರಗಳು, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ, ಅಂಗಳದಲ್ಲಿ ಬೆಂಗಳೂರಿನಲ್ಲೇ ತಯಾರಾದ ಮಾರುತ್ ಯುದ್ಧವಿಮಾನ, ಇಷ್ಟಕ್ಕೇ ಮಧ್ಯಾಹ್ನವಾಗುತ್ತದೆ. ಕೊನೆಗೆ ವಿಧಾನಸೌಧದ ಎದುರು ನಿಂತು, ಮೇಲೆ ಏನು ಬರೆದಿದೆ ಎಂದು ಮಗಳಿಂದಲೇ ಓದಿಸಿ. ಅರಮನೆ, ತಾರಾಲಯ ಈ ಸಲ ಬೇಡ.

ಜಯನಗರದ ಅಪ್ಪ:

ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಐದು ವರ್ಷದ ಮಗುವಿಗೆ ಹುಲಿ ತೋರಿಸದೆ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ. ನನ್ನ ಮಗ ಸಫಾರಿಯಲ್ಲಿ ಕರಡಿ ನೋಡಿದ್ದನ್ನು ಇಂದಿಗೂ ಹೇಳುತ್ತಾನೆ. ಮೆಜೆಸ್ಟಿಕ್‌ನಿಂದ 365ನೇ ಸಂಖ್ಯೆಯ ಬಸ್ ನೇರವಾಗಿ ಬನ್ನೇರುಘಟ್ಟಕ್ಕೆ ಹೋಗುತ್ತದೆ. ಮಂಗಳವಾರ ಮಾತ್ರ ರಜೆ. ಶನಿವಾರದ ಬದಲು ಅದನ್ನೇ ಇಟ್ಟುಕೊಳ್ಳಬಹುದಲ್ಲವೇ?

ನಿವೃತ್ತ ಶಿಕ್ಷಕಿ, ಬಸವನಗುಡಿ:

ಮಕ್ಕಳಿಬ್ಬರೇ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೋಗಿಬರುವ ದಾರಿ ಉದ್ದ, ಸಾಲದ್ದಕ್ಕೆ ಶನಿವಾರ ಸಫಾರಿಗೆ ಸರದಿ. ಮೊಣಕಾಲು ನೋವಿನವರು ಅಷ್ಟು ಹೊತ್ತು ನಿಲ್ಲುವುದು ಹೇಗೆ? ಜೀವಮಾನದಲ್ಲಿ ಮೊದಲ ಬಾರಿ ಬರುತ್ತಿರುವವರು ಅವರು. ಈ ಎರಡು ದಿನ ಅವರ ಕಾಲಿನ ಲೆಕ್ಕದಲ್ಲೇ ನಡೆಯಲಿ. ಹುಲಿಗೆ ಇನ್ನೊಮ್ಮೆ ಬನ್ನಿ.

ಹೊಸಪೇಟೆಯ ತಂದೆ:

ಟೀಚರ್, ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅರಮನೆ ಬಿಟ್ಟಿದ್ದಕ್ಕೆ ಅವರಿಗೆ ಏನೂ ಅನಿಸಲಿಲ್ಲ. ಅವರು ಕೇಳಿದ್ದು ಒಂದೇ, ಆ ಬಸವಣ್ಣ ನಮ್ಮ ಹಂಪಿಯ ಎದುರು ಬಸವಣ್ಣನಿಗಿಂತ ದೊಡ್ಡವನೇ ಎಂದು. ಮೆಟ್ಟಿಲು ಎಷ್ಟಿವೆ ಎಂದು ನಾನು ಕೇಳುತ್ತಿದ್ದೇನೆ.

ನಿವೃತ್ತ ಶಿಕ್ಷಕಿ, ಬಸವನಗುಡಿ:

ಸ್ವಲ್ಪ ಹತ್ತಬೇಕು. ಕೈಹಿಡಿದು ನಿಧಾನವಾಗಿ ಕರೆದೊಯ್ಯಿರಿ, ಆತುರವೇನೂ ಇಲ್ಲ. ಸುಮಾರು 15 ಅಡಿ ಎತ್ತರದ ಒಂದೇ ಕಲ್ಲಿನ ಬಸವ. ಎಣ್ಣೆ ಹಚ್ಚಿ ಹಚ್ಚಿ ಮೈಯೆಲ್ಲ ಕಪ್ಪಾಗಿ ಹೊಳೆಯುತ್ತದೆ. ಸುತ್ತಲೂ ಪ್ರದಕ್ಷಿಣೆ ಹಾಕಲು ಜಾಗವಿದೆ. ಯಾರು ದೊಡ್ಡವನು ಎಂಬುದನ್ನು ಅವರೇ ನೋಡಿ ಹೇಳಲಿ. ಅವರು ಏನೆಂದರು ಎಂದು ಇಲ್ಲಿ ಬರೆಯಲು ಮರೆಯಬೇಡಿ, ಕಾಯುತ್ತಿರುತ್ತೇನೆ.