ಅಪ್‌ಡೇಟ್: 600 ಜಿಬಿ ಬ್ಯಾಕಪ್, ಡಿಸ್ಕೂ ಇದೆ, ಆನ್‌ಲೈನೂ ಇದೆ

ಮನೆ ಕಂಪ್ಯೂಟರಿನ 600 ಜಿಬಿ ಫೋಟೊ, ವಿಡಿಯೊ, ಕಾಗದಪತ್ರಗಳಿಗೆ ಎಕ್ಸ್‌ಟರ್ನಲ್ ಡಿಸ್ಕ್ ಸಾಕೋ, ಆನ್‌ಲೈನ್ ಬೇಕೋ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಎರಡನ್ನೂ ಆರಿಸಿದೆ, ಆದರೆ ಎಲ್ಲವನ್ನೂ ಎರಡು ಕಡೆ ಇಟ್ಟಿಲ್ಲ.

ಪೂರ್ತಿ 600 ಜಿಬಿ 2 ಟಿಬಿ ಡಿಸ್ಕಿಗೆ ಹೋಯಿತು. ಡಿಸ್ಕಿನ ಫಾರ್ಮ್ಯಾಟ್ (ಫೈಲುಗಳನ್ನು ಜೋಡಿಸಿಡುವ ವಿಧಾನ) ಎನ್‌ಟಿಎಫ್‌ಎಸ್. ಎಫ್‌ಎಟಿ32 ಇದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸೋದಿಲ್ಲ, ಮದುವೆ ವಿಡಿಯೊ ಅಲ್ಲೇ ನಿಂತುಬಿಡುತ್ತೆ. ಕಾಪಿ ಮುಗಿದ ಕೂಡಲೇ ಇಜೆಕ್ಟ್ ಕೊಟ್ಟು ಕೇಬಲ್ ತೆಗೀರಿ. ಚುಚ್ಚಿಯೇ ಇಟ್ಟ ಡಿಸ್ಕನ್ನು ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಿಡೋದಿಲ್ಲ.

ಆನ್‌ಲೈನಿಗೆ ಮತ್ತೆ ಸಿಗಲಾರದ 80 ಜಿಬಿ ಮಾತ್ರ. 40 ಎಂಬಿಪಿಎಸ್ ಅಪ್‌ಲೋಡಿನಲ್ಲಿ ಲೆಕ್ಕಕ್ಕೆ ನಾಲ್ಕೂವರೆ ಗಂಟೆ. 600 ಜಿಬಿಗಾದರೆ 33 ಗಂಟೆ. ಇಂಟರ್ನೆಟ್ ಪ್ಲಾನಿನಲ್ಲಿ ಡೌನ್‌ಲೋಡ್ ವೇಗ ನೋಡಿ ಮೋಸಹೋಗಬೇಡಿ, ಇಲ್ಲಿ ಬೇಕಾದ್ದು ಅಪ್‌ಲೋಡ್ ವೇಗ. ಬರೀ ಸಿಂಕ್ (ಎರಡೂ ಕಡೆಯ ಫೈಲುಗಳನ್ನು ಒಂದೇ ಥರ ಇಡೋದು) ಮಾಡಿದರೆ ಅದು ಬ್ಯಾಕಪ್ ಆಗೋದಿಲ್ಲ: ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ. ಅದಕ್ಕೇ ರೆಸ್ಟಿಕ್ ಅನ್ನೋ ಬ್ಯಾಕಪ್ ತಂತ್ರಾಂಶ ಬಳಸಿದೆ, ಹಳೆಯ ಆವೃತ್ತಿಗಳೂ ಉಳಿಯುತ್ತವೆ. ಅದರ ಪಾಸ್‌ವರ್ಡ್ ಕಳೆದರೆ ಡೇಟಾ ಯಾರಿಂದಲೂ ತೆಗೆಯಲಾಗದು. ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ತಿಂಗಳಿಗೊಮ್ಮೆ ಯಾವುದಾದರೂ ಒಂದು ಫೋಲ್ಡರನ್ನು ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ, ಫೈಲ್ ತೆರೆದು ನೋಡಿ. ‘ಸಕ್ಸಸ್’ ಅಂತ ತೋರಿಸಿದ್ದನ್ನಷ್ಟೇ ನಂಬಬೇಡಿ.