ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಕೋಎನ್‌ಜೈಮ್ ಕ್ಯೂ10 ನೆರವಾಗುತ್ತದೆಯೇ?

ಪ್ರಶ್ನೆ: ಕೊಲೆಸ್ಟ್ರಾಲ್‌ಗಾಗಿ ಸ್ಟ್ಯಾಟಿನ್ ಮಾತ್ರೆ ಆರಂಭಿಸಿದ ಮೇಲೆ ಮೆಟ್ಟಿಲು ಹತ್ತುವಾಗ ತೊಡೆ ನೋಯುತ್ತದೆ, ಸಂಜೆಯಾಗುತ್ತಲೇ ಸುಸ್ತು ಆವರಿಸುತ್ತದೆ. ಪರಿಚಿತರು ಕ್ಯೂ10 ಕ್ಯಾಪ್ಸೂಲ್ ಸೂಚಿಸಿದ್ದಾರೆ. ಬಳಸಿದವರು ದಯವಿಟ್ಟು ಅನುಭವ ತಿಳಿಸಿ.

ಉತ್ತರ: ನಾನೂ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವುದರಿಂದ ಈ ವಿಷಯವನ್ನು ಆಸ್ಥೆಯಿಂದ ಓದಿಕೊಂಡಿದ್ದೇನೆ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯದಲ್ಲಿ, ಆಹಾರದಿಂದ ದೊರೆತ ಎಲೆಕ್ಟ್ರಾನ್‌ಗಳನ್ನು ಒಂದು ಪ್ರೋಟೀನ್ ಸಂಕೀರ್ಣದಿಂದ ಮತ್ತೊಂದಕ್ಕೆ ದಾಟಿಸುವ ಕೆಲಸ ಕ್ಯೂ10ನದು. ಈ ಸಾಗಣೆ ಕುಂಠಿತವಾದರೆ ಶಕ್ತಿಯ ರೂಪವಾದ ಎಟಿಪಿಯ ತಯಾರಿಕೆಯೂ ಕುಂಠಿತವಾಗುತ್ತದೆ. ಕೊಲೆಸ್ಟ್ರಾಲ್ ತಯಾರಾಗುವ ಹಾದಿಯನ್ನು ಸ್ಟ್ಯಾಟಿನ್ ಆರಂಭದಲ್ಲೇ ತಡೆಯುತ್ತದೆ, ಕ್ಯೂ10 ರೂಪುಗೊಳ್ಳುವುದಕ್ಕೂ ಅದೇ ಹಾದಿ ಬೇಕಾದ್ದರಿಂದ ರಕ್ತದಲ್ಲಿ ಅದರ ಮಟ್ಟವೂ ಇಳಿಯುತ್ತದೆ. ಆದರೆ ಸ್ನಾಯುನೋವಿಗೆ ಇದೇ ಕಾರಣವೆಂದು ಇಷ್ಟರಿಂದಲೇ ತೀರ್ಮಾನಿಸುವಂತಿಲ್ಲ. ಕ್ಯೂ10 ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಕೆಲವು ನೋವು ತಗ್ಗಿತೆಂದರೆ ಇನ್ನು ಕೆಲವು ವ್ಯತ್ಯಾಸವೇ ಕಾಣಲಿಲ್ಲವೆಂದಿವೆ. ನನ್ನ ಮಟ್ಟಿಗೆ ಕ್ಯಾಪ್ಸೂಲ್‌ನಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ವೈದ್ಯರು ಬೇರೆ ಸ್ಟ್ಯಾಟಿನ್‌ಗೆ ಬದಲಿಸಿದ ಮೇಲೆಯೇ ನೋವು ಇಳಿಯಿತು. ಆದ್ದರಿಂದ ಮೊದಲು ಸಿಕೆ (ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ), ಥೈರಾಯ್ಡ್, ಬಿ12 ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಸ್ಟ್ಯಾಟಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ತೀವ್ರ ನೋವಿನ ಜೊತೆಗೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮತ್ತೊಬ್ಬರ ಉತ್ತರ: ನನಗೆ ಉಪಯೋಗವಾಗಿದೆ ಎಂದೇ ಅನಿಸುತ್ತದೆ, ಆದರೂ ಅದೇ ಸಮಯದಲ್ಲಿ ನಡಿಗೆಯನ್ನೂ ಆರಂಭಿಸಿದ್ದರಿಂದ ಯಾವುದರ ಫಲವೆಂದು ಬಿಡಿಸಿ ಹೇಳುವುದು ಕಷ್ಟ. ಕ್ಯೂ10 ಕೊಬ್ಬಿನಲ್ಲಿ ಕರಗುವ ವಸ್ತು. ಬರಿಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಹೀರಲ್ಪಡುವುದಿಲ್ಲವಾದ್ದರಿಂದ, ಸ್ವಲ್ಪ ಎಣ್ಣೆಯ ಅಂಶವಿರುವ ಊಟದ ಜೊತೆ ತೆಗೆದುಕೊಳ್ಳಬೇಕು. ರಾತ್ರಿ ತೆಗೆದುಕೊಂಡಾಗ ನಿದ್ರೆ ಹತ್ತದೆ, ಬೆಳಗಿನ ತಿಂಡಿಯ ಹೊತ್ತಿಗೆ ಬದಲಿಸಿಕೊಂಡೆ.

ಇನ್ನೊಬ್ಬರ ಉತ್ತರ: ನಮ್ಮ ತಂದೆಯವರಿಗೆ ಹೃದಯ ವೈಫಲ್ಯವಿದೆ. 2014ರಲ್ಲಿ ಪ್ರಕಟವಾದ ಕ್ಯೂ-ಸಿಂಬಿಯೊ ಅಧ್ಯಯನದಲ್ಲಿ ಇಂಥ 420 ರೋಗಿಗಳ ಪೈಕಿ, ಎಂದಿನ ಔಷಧಗಳ ಜೊತೆಗೆ ದಿನಕ್ಕೆ 300 ಮಿಲಿಗ್ರಾಂ ಕ್ಯೂ10 ಪಡೆದವರಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಹೃದಯದ ಗಂಭೀರ ತೊಂದರೆಗಳು ಕಡಿಮೆಯಾಗಿದ್ದವು. ಇದನ್ನು ಓದಿ ನಾವು ವೈದ್ಯರನ್ನು ಕೇಳಿದಾಗ ಅವರು ಮೊದಲು ವಿಚಾರಿಸಿದ್ದು ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಬಗ್ಗೆ. ಕ್ಯೂ10ನ ರಚನೆ ಕೆ ವಿಟಮಿನ್ನನ್ನು ಹೋಲುವುದರಿಂದ ಅದು ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸಬಹುದಂತೆ. ತಂದೆಯವರು ವಾರ್ಫರಿನ್ ತೆಗೆದುಕೊಳ್ಳುತ್ತಿದ್ದುದರಿಂದ ಕ್ಯಾಪ್ಸೂಲ್ ಬೇಡವೆಂದರು. ನೀವೂ ರಕ್ತ ತೆಳುವಾಗಿಸುವ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಕ್ಯೂ10 ಕೊಳ್ಳುವ ಮುನ್ನವೇ ಆ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.