ಗುಂಪಿನಲ್ಲಿ ಬರುವ ವೇಗ ಒಬ್ಬನೇ ಹೋದಾಗ ಏಕೆ ಬರುವುದಿಲ್ಲ?

ಪ್ರಶ್ನೆ: ಉಡುಪಿಯ ಸವಾರ

ಮಾನ್ಯರೇ, ಗೋವಾದ ಐರನ್‌ಮ್ಯಾನ್ 70.3 ಸ್ಪರ್ಧೆಗಾಗಿ, ಅಂದರೆ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಸವಾರಿ ಮತ್ತು 21.1 ಕಿ.ಮೀ. ಓಟಕ್ಕಾಗಿ, ಎಂಟು ತಿಂಗಳಿನಿಂದ ಇಲ್ಲಿನ ಹವ್ಯಾಸಿಗಳ ಗುಂಪಿನೊಂದಿಗೆ ಅಭ್ಯಾಸ ಮಾಡುತ್ತಿದ್ದೇನೆ. ನನ್ನ ಸೈಕಲ್ ಪಂಕ್ಚರ್ ಆದರೆ ಹತ್ತು ಮಂದಿ ನಿಲ್ಲುತ್ತಾರೆ. ಬೆಳಗ್ಗೆ ಐದಕ್ಕೆ ನಾನು ಕಾಣಿಸದಿದ್ದರೆ ಮನೆಯವರಿಗೇ ಫೋನ್ ಬರುತ್ತದೆ. ಅವರಿಲ್ಲದಿದ್ದರೆ ಮೊದಲ ತಿಂಗಳಲ್ಲೇ ಕೈಬಿಡುತ್ತಿದ್ದೆ. ಆದರೆ ಕಳೆದ ಭಾನುವಾರ ಕುಂದಾಪುರದ ಕಡೆಗೆ ಒಬ್ಬನೇ ಹೋದಾಗ, ಗುಂಪಿನಲ್ಲಿ ಗಂಟೆಗೆ 29 ಕಿ.ಮೀ. ತೋರಿಸುತ್ತಿದ್ದ ಮೀಟರ್ 25ರ ಮೇಲೆ ಏರಲಿಲ್ಲ, ಇಳಿದು ಓಡಲು ಹೊರಟರೆ ಕಾಲುಗಳು ಕೊರಡಾಗಿದ್ದವು. ಇದರ ಮೇಲೆ, ಮಳೆಗಾಲದಲ್ಲಿ ಮಲ್ಪೆಯ ಕಡಲಿಗೆ ಇಳಿಯುವಂತೆಯೂ ಇಲ್ಲ. ನನ್ನ ತಯಾರಿ ಎಲ್ಲಿ ತಪ್ಪಿದೆ?

ಉತ್ತರ: ಸುರತ್ಕಲ್‌ನಿಂದ

ತಪ್ಪು ನಿಮ್ಮ ಕಾಲುಗಳದ್ದಲ್ಲ, ಲೆಕ್ಕದ್ದು. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗುವಾಗ ಗಾಳಿಯ ತಡೆಯನ್ನು ಅವರೇ ಹೊರುತ್ತಾರೆ, ನೀವು ಕಡಿಮೆ ಶ್ರಮದಲ್ಲಿ ಅದೇ ವೇಗ ಪಡೆಯುತ್ತೀರಿ. ಸ್ಪರ್ಧೆಯಲ್ಲಿ ಇದು ನಿಷಿದ್ಧ. ಮುಂದಿನ ಸೈಕಲ್‌ನಿಂದ 12 ಮೀಟರ್ ಅಂತರ ಬಿಡಬೇಕು, ಇಲ್ಲವಾದರೆ ಸಮಯದ ದಂಡ ಬೀಳುತ್ತದೆ. ನಿಮ್ಮದೇ ಅಂಕಿಗಳಲ್ಲಿ ಹೇಳುವುದಾದರೆ 90 ಕಿ.ಮೀ.ಗೆ ಅರ್ಧ ಗಂಟೆಯ ವ್ಯತ್ಯಾಸ, ಮತ್ತು ಗುಂಪಿನ ವೇಗವನ್ನೇ ಒಬ್ಬರೇ ಹಿಡಿಯಲು ಹಟ ಮಾಡಿದರೆ ಆ ಸಾಲವನ್ನು ಓಟದಲ್ಲಿ ತೀರಿಸಬೇಕಾಗುತ್ತದೆ. ಗುಂಪನ್ನು ಬಿಡಬೇಡಿ. ಭಾನುವಾರ ಎಲ್ಲರೂ ಒಟ್ಟಿಗೆ ಹೊರಟು, ಹೆದ್ದಾರಿಯಲ್ಲಿ ದೂರ ದೂರ ಸಾಗಿ, ನಿಗದಿತ ಜಾಗದಲ್ಲಿ ಸೇರಿ. ಇಳಿದ ಕೂಡಲೇ ಇಪ್ಪತ್ತು ನಿಮಿಷ ಓಡಿ. ಕೊರಡಿನ ಅನುಭವ ನಾಲ್ಕೈದು ವಾರಗಳಲ್ಲಿ ಸಾಕಷ್ಟು ಸಡಿಲಗೊಳ್ಳುತ್ತದೆ.

ಉತ್ತರ: ಪಣಂಬೂರಿನ ಈಜುಗಾರ್ತಿ

ಈಜಿನ ಬಗ್ಗೆ ಮಾತ್ರ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಗುಂಪು ಎಷ್ಟೇ ದೊಡ್ಡದಿದ್ದರೂ, ನಮ್ಮ ಕಡಲಿಗೆ ಇಳಿಯಬೇಡಿ. ದಡದಿಂದ ಹಿಂದೆ ಸರಿಯುವ ಸೆಳೆತಕ್ಕೆ ಸಂಖ್ಯಾಬಲದ ಭಯವಿಲ್ಲ. ಕೊಳದಲ್ಲೇ ತಯಾರಾಗಬಹುದು. 25 ಮೀಟರ್ ಕೊಳದಲ್ಲಿ 76 ಸುತ್ತು ಎಂದರೆ ಬೇಸರ ನಿಜ, ಆದರೆ ಗೋಡೆಯನ್ನು ಒದೆಯುವುದರಿಂದ ಸಿಗುವ ವಿಶ್ರಾಂತಿ ಕಡಲಿನಲ್ಲಿ ಇಲ್ಲವಾದ್ದರಿಂದ ಗೋಡೆ ಮುಟ್ಟದೆ ತಿರುಗಿ, ಹತ್ತು ಹೊಡೆತಕ್ಕೊಮ್ಮೆ ತಲೆಯೆತ್ತಿ ಎದುರಿನ ಗುರುತು ನೋಡಿ. ಸ್ಪರ್ಧೆ ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಬರುವುದರಿಂದ ಕಡಲು ಶಾಂತವಾದ ಮೇಲೆ ಕೆಲವೇ ವಾರಗಳು ಉಳಿಯುತ್ತವೆ. ಆಗ ಗುಂಪು ನಿಜಕ್ಕೂ ಬೇಕು: ಜೀವರಕ್ಷಕರಿಗೆ ತಿಳಿಸಿ, ಬಣ್ಣದ ಟೋಪಿ ಹಾಕಿ, ಜೋಡಿಯಾಗಿ ಈಜಿ, ಸೆಳೆತಕ್ಕೆ ಸಿಕ್ಕರೆ ದಡಕ್ಕೆ ಸಮಾನಾಂತರವಾಗಿ ಸಾಗಿ.

ಉತ್ತರ: ಮಣಿಪಾಲದಿಂದ

ಸುರತ್ಕಲ್‌ನವರ ಮಾತಿಗೆ ನನ್ನದೊಂದು ಸಣ್ಣ ತಕರಾರು: ಕಾಲು ಕೊರಡಾಗಲು ಹಸಿವೂ ಕಾರಣವಾಗಿರಬಹುದು. ಗುಂಪಿನಲ್ಲಿ ಯಾರಾದರೂ ಬಾಳೆಹಣ್ಣು ಚಾಚುತ್ತಾರೆ, ಒಬ್ಬರೇ ಹೋದಾಗ ತಿನ್ನುವುದೇ ಮರೆಯುತ್ತದೆ. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರದೆ ಇನ್ನಷ್ಟು ಸುರಿದು, ಅದರೊಂದಿಗೆ ಉಪ್ಪೂ ಹೋಗುವುದರಿಂದ ಉಪ್ಪೂ ಬೇಕು. ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿ, ಎಷ್ಟು ನೀರು ಕಳೆದುಕೊಂಡಿರೆಂದು ತಿಳಿಯುತ್ತದೆ. ನಾನು ಪುನರ್ಪುಳಿ ಶರಬತ್ತಿಗೆ ಉಪ್ಪು ಬೆರೆಸಿ ಒಯ್ಯುತ್ತೇನೆ, ನಗುವವರು ನಗಲಿ.

ಪ್ರಶ್ನೆ ಕೇಳಿದವರು

ಅಂದು ಎರಡೂವರೆ ಗಂಟೆಯಲ್ಲಿ ಒಂದೇ ಬಾಳೆಹಣ್ಣು ತಿಂದಿದ್ದೆನೆಂದು ಈಗ ನೆನಪಾಯಿತು. ಬರುವ ಭಾನುವಾರ ದೂರ ದೂರ ಸಾಗುವ ಸವಾರಿಯ ಪ್ರಸ್ತಾಪವನ್ನು ಗುಂಪಿನ ಮುಂದೆ ಇಟ್ಟಿದ್ದೇನೆ. ಒಪ್ಪಿದ್ದಾರೆ, ಆದರೆ ಕೊನೆಯಲ್ಲಿ ಬರುವವನು ತಿಂಡಿಯ ಬಿಲ್ ಕೊಡಬೇಕೆಂದು ಷರತ್ತು ಹಾಕಿದ್ದಾರೆ.